ಚೆಕ್‌ರೋಲಿನ ಹಿಂಬದಿ

ಪಾಲಿಬೆಟ್ಟದಿಂದ ಮೂರು ಮೈಲಿ ಒಳಗೆ
ಹಾಜರಿ ಶೆಡ್ಡಿನ ಸೂರಿನಡಿ ಒಂದು ಕಣಜದ ಗೂಡು,
ಎದುರಿನ ಹಲಸಿನಲ್ಲಿ ಚಗಳಿಯವು, ಏಳೋ ಎಂಟೋ.
ನಡುವೆ ನನ್ನ ಮೇಜು.
ಒಂದು ಕಾಲು ಗಿಡ್ಡ, ಅದರಡಿ ಹೋದ ವರ್ಷದ ರಿಜಿಸ್ಟರು.

ಕಣಜ ಎಂದರೆ ಭತ್ತ ತುಂಬುವ ಮನೆ, ನಮ್ಮಜ್ಜಿಯ ಬಾಯಲ್ಲಿ.
ಈ ಕಣಜದಲ್ಲಿ ಒಂದು ಕಾಳೂ ಇಲ್ಲ.
ಬೆಳಿಗ್ಗೆ ಎಂಟಕ್ಕೆ, ಆಳುಗಳು ಹೊರಟ ಮೇಲೆ,
ಗೇಟಿನ ಹಳೆ ಕಂಬಕ್ಕೆ ಬಂದು ಕೂರುತ್ತದೆ,
ಬಣ್ಣ ಹೋದ ಜಾಗ ಹುಡುಕಿ ಕೆರೆಯುತ್ತದೆ.
ಕಿವಿಗೊಟ್ಟರೆ ಕೇಳುತ್ತದೆ,
ಉಗುರಲ್ಲಿ ಟ್ರಂಕು ಗೀರಿದಷ್ಟು ಸದ್ದು.
ಎಂಜಲಲ್ಲಿ ಕಲಸಿ, ಒಯ್ದು, ಅಂಚಿಗೆ ಅಂಚು ಮೆತ್ತಿ
ಕಾಗದ ಮಾಡುತ್ತದೆ.
ನನ್ನದರ ಹಾಗೆಯೇ ಬೂದು, ನನ್ನದರ ಹಾಗೆಯೇ ಮನೆ ಮನೆ.
ಬರೆಯುವುದಿಲ್ಲ, ಅಷ್ಟೇ.

ಚಗಳಿಗೆ ಕಾಗದ ಗೊತ್ತಿಲ್ಲ. ಅದರದು ಹೊಲಿಗೆ.
ಒಂದರ ಸೊಂಟ ಇನ್ನೊಂದು ಹಿಡಿದು
ಸರಪಳಿಯಾಗಿ ದೂರದೆಲೆಯನ್ನು ಎಳೆದು ತರುತ್ತವೆ,
ಲಾರಿಗೆ ಕಾಫಿ ಮೂಟೆ ಏರಿಸುವಾಗಿನ ಹಾಗೆ,
ಆದರೆ ಕೂಗಿಲ್ಲ, ಬೈಗುಳವಿಲ್ಲ.
ಎಲೆಗೆ ಎಲೆ ತಾಗಿದ ಮೇಲೆ
ಒಳಗಿಂದ ಒಬ್ಬಳು ಮರಿಯನ್ನು ಕಚ್ಚಿ ತರುತ್ತಾಳೆ.
ಇದನ್ನು ನಂಬಲು ನನಗೆ ಎರಡು ಬೇಸಗೆ ಬೇಕಾಯಿತು:
ಮರಿಯೇ ಸೂಜಿ, ಮರಿಯೇ ನೂಲು.
ಅದರ ಬಾಯನ್ನು ಈ ಅಂಚಿಗೆ ಮುಟ್ಟಿಸಿ, ಆ ಅಂಚಿಗೆ ಮುಟ್ಟಿಸಿ,
ಈಚೆ ಆಚೆ ಈಚೆ ಆಚೆ
ಬಿಳಿ ಎಳೆ ಬಿಗಿಯುತ್ತದೆ.
ತನ್ನ ಮೈಗೆ ಸುತ್ತಿಕೊಳ್ಳಬೇಕಿದ್ದ ರೇಷ್ಮೆಯೆಲ್ಲ ಮನೆಗೆ ಹೋಗಿ
ಮರಿ ಬೆತ್ತಲೆ ಮಲಗುತ್ತದೆ.

ಕಣಜದ ಮರಿಗೂ ಅದೇ ನೂಲು.
ಅದು ಏನು ಮಾಡುತ್ತದೆ ಗೊತ್ತೆ?
ಹೊಟ್ಟೆ ತುಂಬಿದ ದಿನ
ತನ್ನ ಕೋಣೆಯ ಬಾಯಿಗೆ ತಾನೇ ಬಾಗಿಲು ನೇಯ್ದು
ಒಳಗೆ ಕೂರುತ್ತದೆ. ರೆಕ್ಕೆ ಬಂದರೇ ಹೊರಗೆ.

ಚಗಳಿಯ ರಾಣಿ ಕಂಡರೆ ಗುರುತಾಗುತ್ತಾಳೆ, ದಪ್ಪ, ಹಸಿರು ಛಾಯೆ.
ಕಣಜದ ರಾಣಿ ಯಾರೆಂದು ತಿಂಗಳು ನೋಡಿದರೂ ತಿಳಿಯಲಿಲ್ಲ.
ಎಲ್ಲರಿಗೂ ಅದೇ ಕೆಂಗಂದು, ಅದೇ ಹಳದಿ ಪಟ್ಟಿ,
ನಾಳೆ ನಾನೂ ಆದೇನು ಎಂಬಂಥ ಗತ್ತು.
ಇಂಥವರನ್ನು ಯಾವ ಕಾಲಮ್ಮಿಗೆ ಹಾಕಲಿ?

ಇದನ್ನೆಲ್ಲ ಚೋಂದಿಗೆ ಹೇಳಿದೆ,
ಸಂಜೆ ಕಣದಲ್ಲಿ, ಅವಳ ಹಣ್ಣು ತಕ್ಕಡಿಗೆ ಏರಿದಾಗ.
'ಕಚ್ಚೋದ್ರಲ್ಲಿ ಏನು ವ್ಯತ್ಯಾಸ, ಬರ್ಕೊಂಡ್ರಾ ರೈಟ್ರೇ?
ಚಗಳಿ ಹಿಡಿದ್ರೆ ಬಿಡಲ್ಲ, ಮೈ ಕಿತ್ತರೂ ತಲೆ ಇರ್ತದೆ.
ಕಣಜ ಒಂದು ಚುಚ್ಚಿ ಮನೆಗೆ ಹೋಗ್ತದೆ.'
ಅವಳ ಮುಂಗೈಯಲ್ಲಿ ಎರಡರ ಗುರುತೂ ಇತ್ತು.
ಪಕ್ಕದಲ್ಲಿ ನೆಂಜಿ, ಹನ್ನೊಂದೋ ಹನ್ನೆರಡೋ,
ಉದುರಿದ್ದನ್ನು ಹೆಕ್ಕಿ ಅಮ್ಮನ ಚೀಲಕ್ಕೆ ಸುರಿಯುತ್ತಿದ್ದಳು.
ರೋಲಿನಲ್ಲಿ ಅವಳಿಲ್ಲ. ಅವಳ ಹಣ್ಣು ಇದೆ.

ಚೋಂದಿ, ನಲವತ್ತೇಳು ಕೇಜಿ.
ಪೆನ್ನು ಅಲ್ಲೇ ನಿಂತಿತು ಎಂದರೆ ಸುಳ್ಳು.
ಮುಂದಿನ ಹೆಸರಿಗೆ ಹೋಯಿತು.

ಹದಿನೈದು ದಿನ ಬಿಟ್ಟು ಸಾವ್ಕಾರರ ಫೋನು:
'ಮೆಣಸು ಕುಯ್ಯೋ ಮುಂಚೆ ಗೂಡೆಲ್ಲ ಸುಡಿಸಿ.'
ಪಂಜು ಕಟ್ಟಿದೆವು. ಹಲಸಿನದನ್ನು ಚೋಂದಿ ಸುಡಲು ಬಿಡಲಿಲ್ಲ,
ಕೊಂಬೆ ಸಮೇತ ಕಡಿದು ಬುಟ್ಟಿಗೆ ಕೊಡವಿಕೊಂಡಳು, ಚಟ್ನಿಗೆ.
ಸೂರಿನದನ್ನು ನಾನೇ ಕೆಡವಿದೆ, ಗಳದಿಂದ, ಬೆಂಕಿ ಇಲ್ಲದೆ.
ಹೋಗುವಾಗ ತೋರುಬೆರಳಿಗೆ ಒಂದು ಕೊಟ್ಟು ಹೋದವು.

ಬಿದ್ದ ಗೂಡನ್ನು ನೆಂಜಿ ಎತ್ತಿಕೊಂಡು ಮನೆ ಎಣಿಸಿದಳು.
ಮೂವತ್ತೊಂದು.
ಜನವರಿಯ ರೋಲಿಗೂ ಮೂವತ್ತೊಂದೇ ಮನೆ.
ನಾಲ್ಕರ ಬಾಗಿಲು ಮುಚ್ಚಿತ್ತು.
ಒಂದನ್ನು ಉಗುರಿನಿಂದ ಮೆಲ್ಲಗೆ ಒತ್ತಿ ನೋಡಿ
'ಇದು ಇನ್ನೂ ಆಗಿಲ್ಲ' ಎಂದು ಬಿಟ್ಟಳು.

ಸೋಮವಾರ ಅವಳು ಕಾಣಲಿಲ್ಲ.
'ಆಶ್ರಮ ಶಾಲೆಗೆ ಬಿಟ್ಟು ಬಂದೆ' ಎಂದಳು ಚೋಂದಿ,
ನನ್ನ ಮುಖ ನೋಡದೆ, ತಕ್ಕಡಿ ನೋಡುತ್ತ.
ಮೂವತ್ತೆರಡು ಕೇಜಿ.
ಸಾವ್ಕಾರರು ಬೆರಳಿಟ್ಟು ಕೇಳಿದರು, ಯಾಕೆ ಇಳಿಯಿತು?
'ಚಗಳಿ ಕಾಟ' ಅಂದೆ.
ನನ್ನ ಬೆರಳು ಬಾತಿತ್ತು, ಅಂಕಿ ಎರಡೂ ಸೊಟ್ಟ.
ಮೇಜಿನ ಮೇಲೆ ಬಾಳೆ ಚೂರಿನಲ್ಲಿ ಚಟ್ನಿ,
ನಾಲಗೆಯಿಂದ ಕಿವಿಯವರೆಗೆ ಹುಳಿ.

ಗೂಡನ್ನು ಟ್ರಂಕಿನಲ್ಲಿಟ್ಟುಕೊಂಡು ಹೋಗಿದ್ದಾಳಂತೆ.
ವಾರ್ಡನ್ನಿಗೆ ಹೇಳಬೇಕಿತ್ತೇನೋ,
ಇನ್ನೊಂದು ವಾರಕ್ಕೆ ಅದರಿಂದ ನಾಲ್ಕು ಹೊರಗೆ ಬರುತ್ತವೆಂದು.